ಒಂದು ಲೀಟರ್ ಪೆಟ್ರೋಲಿನಷ್ಟು ಬ್ಯಾಟರಿ

ಕಾರು ಕೊಳ್ಳಲು ಹೋದವರು ಮೊದಲು ಬಾಗಿಲು ತೆರೆದು ಸ್ಟೀರಿಂಗ್ ಹಿಂದೆ ಕೂರುತ್ತಾರೆ. ನಾನು ಅಳತೆಯ ಟೇಪು ಹಿಡಿದು ನೇರವಾಗಿ ಹಿಂಬದಿಗೆ ಹೋದೆ. ನನ್ನ ದೂರದರ್ಶಕದ ಕೊಳವೆ 1.2 ಮೀಟರ್ ಉದ್ದ, ಹತ್ತು ಇಂಚಿನ ಕನ್ನಡಿ, ಹದಿನೈದು ಕಿಲೋ ತೂಕ. ಅದರ ಪೀಠವೂ ಅಷ್ಟೇ ಭಾರದ, ಯಾವ ಮೂಲೆಗೂ ಒಗ್ಗದ ಮರದ ಪೆಟ್ಟಿಗೆ. ಇವೆರಡನ್ನೂ ಹೊತ್ತು ರಾತ್ರಿ ಕತ್ತಲಿರುವ ಕಡೆಗೆ ಹೋಗುವುದೇ ನನ್ನ ಕಾರಿನ ಮುಖ್ಯ ಕೆಲಸ. ಕಚೇರಿಗೆ ಹೋಗಿಬರುವುದು ಅದರ ಉಪಕಸುಬು.

"ಮೇಡಂ, ಸೀಟು ಮಡಚಿದರೆ ಹಿಡಿಸುತ್ತದೆ" ಎಂದರು ಮಾರಾಟದ ಹುಡುಗ. ಸೀಟು ಮಡಚಿದರೆ ಯಾವ ಕಾರಿನಲ್ಲಾದರೂ ಹಿಡಿಸುತ್ತದೆ. ನನಗೆ ಒಂದು ಸೀಟು ಮಡಚಿ, ಇನ್ನೆರಡರಲ್ಲಿ ಜನ ಕೂರಬೇಕಿತ್ತು. ಹೀಗಾಗಿ ಎಸ್ಟೇಟ್ ಕಾರು.

ಎಸ್ಟೇಟ್ ಎಂದೊಡನೆ ನಮ್ಮ ಕಿವಿಗೆ ತೋಟ, ಆಸ್ತಿ ಎಂದೇ ಕೇಳಿಸುತ್ತದೆ. ಇದು ಅದಲ್ಲ. ಸಾಧಾರಣ ಕಾರಿನ ಮಾಡನ್ನು ಹಿಂಬದಿಯ ತುದಿಯವರೆಗೂ ಎಳೆದು, ಡಿಕ್ಕಿಯನ್ನೂ ಸೀಟುಗಳನ್ನೂ ಒಂದೇ ಕೋಣೆ ಮಾಡಿದರೆ ಎಸ್ಟೇಟ್ ಆಗುತ್ತದೆ. ಬ್ರಿಟನ್ನಿನವರು ಈ ಹೆಸರು ಬಳಸುತ್ತಾರೆ. ಜರ್ಮನರು ಕೋಂಬಿ ಎನ್ನುತ್ತಾರೆ, ಫ್ರೆಂಚರು ಬ್ರೇಕ್ ಎನ್ನುತ್ತಾರೆ. ಅಮೆರಿಕನ್ನರ ಸ್ಟೇಷನ್ ವ್ಯಾಗನ್ ಎಂಬ ಹೆಸರಿನಲ್ಲಿ ರೈಲು ನಿಲ್ದಾಣವೇ ಕುಳಿತಿದೆ: ಇಳಿದ ಪ್ರಯಾಣಿಕರನ್ನು ಪೆಟ್ಟಿಗೆಗಳ ಸಮೇತ ಸಾಗಿಸುತ್ತಿದ್ದ ಬಂಡಿಗಳಿಂದ ಬಂದ ಹೆಸರು ಅದು. ಎತ್ತರದ ಎಸ್‌ಯುವಿಗಳ ಕಾಲದಲ್ಲಿ ಈ ತಗ್ಗು, ಉದ್ದ ಕಾರುಗಳನ್ನು ಕೇಳುವವರು ಕಡಿಮೆ. ಆದರೆ ಹದಿನೈದು ಕಿಲೋದ ಕನ್ನಡಿ ಕೊಳವೆಯನ್ನು ಎದೆಯೆತ್ತರಕ್ಕೆ ಎತ್ತಿ ಇಡುವುದಕ್ಕೂ ಮೊಣಕಾಲಿನ ಎತ್ತರದಲ್ಲಿ ಜಾರಿಸುವುದಕ್ಕೂ ಇರುವ ವ್ಯತ್ಯಾಸ ನನ್ನ ಸೊಂಟಕ್ಕೆ ಗೊತ್ತು.

ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಜಾಹೀರಾತು ಎನ್ನುವವರೂ ದೂರು ಎನ್ನುವವರೂ ಒಟ್ಟಿಗೇ ಹುಟ್ಟಿಕೊಳ್ಳುತ್ತಾರೆ. ಪೆಟ್ರೋಲಿನ ಜೊತೆಗೆ ಗೋಡೆಯ ಸಾಕೆಟ್ಟಿನಿಂದ ತುಂಬಿಸುವ ಬ್ಯಾಟರಿಯಿಂದಲೂ ಓಡುವ ಪ್ಲಗ್-ಇನ್ ಹೈಬ್ರಿಡ್ ಎಸ್ಟೇಟ್‌ಗಳ ಏಣಿಯಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲು ಎಂದರೆ ಸಾಕು. 1.6 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇಲ್ಲ. ಜೊತೆಗೆ 44.5 ಕಿಲೋವ್ಯಾಟಿನ ವಿದ್ಯುತ್ ಮೋಟಾರು, ಅಂದರೆ ಸುಮಾರು 60 ಅಶ್ವಶಕ್ತಿ. ಬ್ಯಾಟರಿ 8.9 ಕಿಲೋವ್ಯಾಟ್ ಗಂಟೆ, ನಮ್ಮ ಮಾತಿನಲ್ಲಿ 8.9 ಯೂನಿಟ್. ಆರು ಗೇರಿನ ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್.

ಆ 8.9 ಎಂಬ ಅಂಕಿಯೇ ನನ್ನನ್ನು ಈ ಬರಹಕ್ಕೆ ಕೂರಿಸಿದ್ದು. ಒಂದು ಲೀಟರ್ ಪೆಟ್ರೋಲನ್ನು ಪೂರ್ತಿ ಉರಿಸಿದರೆ ಬರುವ ಶಾಖವನ್ನು ಯೂನಿಟ್‌ಗಳಲ್ಲಿ ಅಳೆದರೆ ಎಷ್ಟಾಗುತ್ತದೆ? ಸರಿಸುಮಾರು 8.9. ಹಿಂದಿನ ಸೀಟಿನ ಅಡಿಯಲ್ಲಿ ಜಾಗ ಕಬಳಿಸಿ ಕುಳಿತಿರುವ, 117 ಕಿಲೋ ತೂಗುವ ಈ ಬ್ಯಾಟರಿಯಲ್ಲಿ ಇರುವುದು ಮುಕ್ಕಾಲು ಕಿಲೋ ತೂಗುವ ಒಂದು ಬಾಟಲಿ ಪೆಟ್ರೋಲಿನಷ್ಟು ಶಕ್ತಿ. ಲೆಕ್ಕ ಹಾಕಿದ ರಾತ್ರಿ ನನಗೆ ಮೋಸ ಹೋದಂತೆಯೇ ಅನಿಸಿತು.

ಮೋಸವಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಈ ಕಾರು ಸುಮಾರು 19 ಕಿ.ಮೀ. ಹೋಗುತ್ತದೆ. ಬ್ಯಾಟರಿಯಲ್ಲಿ, ಬೆಚ್ಚನೆಯ ದಿನ, ಅವಸರವಿಲ್ಲದೆ ಓಡಿಸಿದರೆ 48 ಕಿ.ಮೀ. ಅದೂ ಪೂರ್ತಿ 8.9 ಯೂನಿಟ್ ಬಳಸದೆ. ಬ್ಯಾಟರಿಯ ಆಯುಸ್ಸಿಗೆಂದು ಮೇಲೂ ಕೆಳಗೂ ಒಂದಿಷ್ಟನ್ನು ಕಾರು ಮುಟ್ಟಗೊಡುವುದಿಲ್ಲ, ನಮ್ಮ ಕೈಗೆ ಸಿಗುವುದು ಏಳೂವರೆ ಯೂನಿಟ್‌ಗೂ ಚೂರು ಕಡಿಮೆ. ಎಂಜಿನ್ ಎಷ್ಟೇ ಜಾಣನಾದರೂ ಪೆಟ್ರೋಲಿನ ಶಕ್ತಿಯ ದೊಡ್ಡ ಪಾಲನ್ನು ಶಾಖವಾಗಿ ಗಾಳಿಗೆ ಬಿಡುತ್ತದೆ. ಮೋಟಾರು ತನಗೆ ಕೊಟ್ಟದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಚಕ್ರಕ್ಕೆ ದಾಟಿಸುತ್ತದೆ. ವಿದ್ಯುತ್ ಸ್ಥಾವರದಲ್ಲಿ ಮೊದಲೇ ಆದ ನಷ್ಟ ಈ ಲೆಕ್ಕದಲ್ಲಿ ಇಲ್ಲ, ಅದನ್ನು ಮರೆಯಬಾರದು. ಆದರೂ ಪ್ರತಿ ಸಂಜೆ ಗೋಡೆಗೆ ಪ್ಲಗ್ ಸಿಕ್ಕಿಸುವಾಗ, ಒಂದು ಬಾಟಲಿ ತುಂಬುತ್ತಿದ್ದೇನೆ ಎಂಬ ಚಿತ್ರವೇ ಮನಸ್ಸಿಗೆ ಬರುತ್ತದೆ.

ಇನ್ನು ಅಶ್ವಶಕ್ತಿಯ ಕೂಡುವ ಲೆಕ್ಕ. 105ಕ್ಕೆ 60 ಸೇರಿಸಿದರೆ 165 ಆಗಬೇಕು. ಪುಸ್ತಿಕೆಯಲ್ಲಿ 141 ಎಂದಿದೆ. ಉಳಿದ 24 ಕುದುರೆಗಳು ಎಲ್ಲಿ ಹೋದವು ಎಂದು ಕೇಳಿದ್ದಕ್ಕೆ ಮಾರಾಟದ ಹುಡುಗ ನಕ್ಕು ಬೇರೆ ಬಣ್ಣಗಳನ್ನು ತೋರಿಸಿದರು. ಉತ್ತರ ಸರಳ. ಎಂಜಿನ್ ತನ್ನ ಗರಿಷ್ಠ ಬಲ ಕೊಡುವುದು ನಿಮಿಷಕ್ಕೆ 5,700 ಸುತ್ತಿನ ಹೊತ್ತಿಗೆ. ಮೋಟಾರಿನ ಉಚ್ಛ್ರಾಯ ಅದಕ್ಕೆ ಎಷ್ಟೋ ಮೊದಲೇ ಬಂದು ಹೋಗಿರುತ್ತದೆ. ಇಬ್ಬರು ಹಾಡುಗಾರರು ಒಂದೇ ಕ್ಷಣದಲ್ಲಿ ತಾರಸ್ಥಾಯಿ ಮುಟ್ಟುವುದಿಲ್ಲ, ಅಷ್ಟೆ. ಜೊತೆಗೆ ಚಿಕ್ಕ ಬ್ಯಾಟರಿ ಒಂದು ಉಸಿರಿಗೆ ಹೊರಹಾಕಬಲ್ಲ ವಿದ್ಯುತ್ತಿಗೂ ಮಿತಿ ಇದೆ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಹತ್ತೂಮುಕ್ಕಾಲು ಸೆಕೆಂಡು ಬೇಕು. ನಕ್ಷತ್ರಗಳು ಎಲ್ಲಿಗೂ ಓಡಿಹೋಗುವುದಿಲ್ಲವಾದ್ದರಿಂದ ನನಗೆ ಅದು ಸಾಕು.

ಒಳಗಿನ ಜೋಡಣೆ ಮಾತ್ರ ನನಗೆ ನಿಜಕ್ಕೂ ಇಷ್ಟವಾದದ್ದು. ಎಂಜಿನ್, ಗೇರ್‌ಬಾಕ್ಸ್ ಇವೆರಡರ ನಡುವೆ ಮೋಟಾರನ್ನು ರೊಟ್ಟಿಯ ಮಧ್ಯದ ಪಲ್ಯದಂತೆ ಇಟ್ಟಿದ್ದಾರೆ. ಎಂಜಿನ್ನಿಗೂ ಮೋಟಾರಿಗೂ ನಡುವೆ ಇನ್ನೊಂದು ಕ್ಲಚ್. ಅದು ಬಿಟ್ಟುಕೊಂಡಿದ್ದಾಗ ಎಂಜಿನ್ ಸುಮ್ಮನೆ ಮಲಗಿರುತ್ತದೆ, ಮೋಟಾರೊಂದೇ ಕಾರನ್ನು ಎಳೆಯುತ್ತದೆ, ಗಂಟೆಗೆ 120 ಕಿ.ಮೀ. ವೇಗದವರೆಗೂ. ಕ್ಲಚ್ ಹಿಡಿದುಕೊಂಡಾಗ ಇಬ್ಬರೂ ಒಂದೇ ದಂಡವನ್ನು ತಿರುಗಿಸುತ್ತಾರೆ. ಟೊಯೋಟಾದ ಹೈಬ್ರಿಡ್‌ಗಳಲ್ಲಿ ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಕೂಟವೊಂದು ಎಂಜಿನ್ನಿನ ಬಲವನ್ನು ಹಂಚುತ್ತದೆ, ಅಲ್ಲಿ ಗೇರು ಬದಲಾಯಿಸುವ ಪ್ರಶ್ನೆಯೇ ಇಲ್ಲ. ನನ್ನದರಲ್ಲಿ ಮೋಟಾರಿನ ಬಲವೂ ಗೇರ್‌ಬಾಕ್ಸ್ ದಾಟಿಯೇ ಬರಬೇಕು. ಹಾಗಾಗಿ ಸದ್ದೇ ಇಲ್ಲದೆ ವಿದ್ಯುತ್ತಿನಲ್ಲಿ ಹೋಗುವಾಗಲೂ ಎರಡರಿಂದ ಮೂರಕ್ಕೆ ಗೇರು ಬಿದ್ದದ್ದು ಬೆನ್ನಿಗೆ ತಿಳಿಯುತ್ತದೆ. ಪೂರ್ಣ ವಿದ್ಯುತ್ ಕಾರು ಓಡಿಸಿದವರಿಗೆ ಇದು ವಿಚಿತ್ರ ಎನಿಸಬಹುದು. ಗ್ರಹಗಳನ್ನು ನೋಡಲು ಹೋಗುವವಳು ಗ್ರಹಚಕ್ರದ ಕಾರನ್ನೇ ಕೊಳ್ಳಬೇಕಿತ್ತು ಎಂದು ಗೆಳತಿ ಕೆಣಕುತ್ತಾಳೆ.

ನಾನು ಹೋಗುವ ಕತ್ತಲ ಬಯಲು ಮನೆಯಿಂದ 23 ಕಿ.ಮೀ. ದೂರ, 400 ಮೀಟರ್ ಎತ್ತರ. ನಾನು, ಗೆಳತಿ, ದೂರದರ್ಶಕ ಎಲ್ಲ ಸೇರಿ ಕಾರು ಸುಮಾರು 1,700 ಕಿಲೋ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು, ದಾರಿಯ ಉಳಿದ ಖರ್ಚನ್ನೆಲ್ಲ ಬಿಟ್ಟು, ಬರೀ ಗುರುತ್ವಾಕರ್ಷಣೆಗೆ ಕಟ್ಟುವ ಸುಂಕವೇ 1.85 ಯೂನಿಟ್. ಬಯಲು ಮುಟ್ಟುವ ಹೊತ್ತಿಗೆ ಐದೂವರೆ ಯೂನಿಟ್ ಖಾಲಿಯಾಗಿರುತ್ತದೆ. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಸುಂಕದ ಅರ್ಧಕ್ಕಿಂತ ಹೆಚ್ಚನ್ನು ವಾಪಸು ಕೊಡುತ್ತದೆ. ಬ್ರೇಕ್ ಒತ್ತುವ ಪಾದಕ್ಕೆ ಇಷ್ಟು ಬೆಲೆ ಇದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಮೆಲ್ಲಗೆ, ಬಹಳ ಮೊದಲೇ ಒತ್ತಿದರೆ ಅದು ಬ್ಯಾಟರಿಗೆ ಹೋಗುತ್ತದೆ. ತಿರುವಿನಲ್ಲಿ ಗಾಬರಿಯಿಂದ ತುಳಿದರೆ ಡಿಸ್ಕು ಕಾಯಿಸಿ ಮುಗಿಯುತ್ತದೆ. ಇಷ್ಟೆಲ್ಲ ಜಿಪುಣತನ ಮಾಡಿಯೂ ಮನೆ ಇನ್ನು ಮೂರು ಕಿ.ಮೀ. ಇದೆ ಎನ್ನುವಾಗ ಎಂಜಿನ್ ಏಳುತ್ತದೆ. ನಸುಕಿನ ನಾಲ್ಕು ಗಂಟೆಗೆ ಓಣಿಯ ಬಾಯಲ್ಲಿ. ಒಂದೇ ಒಂದು ಬಾರಿ, ಹಿಂಗಾಳಿ ಬೀಸುತ್ತಿದ್ದ ರಾತ್ರಿ, ಗೇಟಿನವರೆಗೂ ಸದ್ದಿಲ್ಲದೆ ಬಂದೆ. ಆ ದಿನಾಂಕವನ್ನು ವೀಕ್ಷಣೆಯ ಪುಸ್ತಕದಲ್ಲಿ ಶನಿಯ ಉಂಗುರಗಳ ಕೆಳಗೆ ಬರೆದಿಟ್ಟಿದ್ದೇನೆ.

ಈ ಬಯಲಿನ ಲೆಕ್ಕವೆಲ್ಲ ಬೇಸಿಗೆಯದು. ಚಳಿಗಾಲದ ಕಥೆ ಬೇರೆ, ಮತ್ತು ಕೆಳಮೆಟ್ಟಿಲಿನ ಕಾರು ಎಂದರೇನು ಎಂಬುದು ಚಳಿಗಾಲದಲ್ಲಿಯೇ ತಿಳಿಯುವುದು. ಮೊದಲ ಚಳಿಯ ರಾತ್ರಿ ಬ್ಯಾಟರಿ ತುಂಬಿತ್ತು, ವಿದ್ಯುತ್ ಮೋಡ್ ಒತ್ತಿದ್ದೆ, ಕಿಟಕಿಗೆ ಮಂಜು ಕಟ್ಟಿತು, ಹೀಟರ್ ಹಾಕಿದೆ. ತಕ್ಷಣ ಎಂಜಿನ್ ಎದ್ದಿತು. ಏನೋ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಹಳೆಯ ಕಾಲದಿಂದಲೂ ಕಾರಿನ ಒಳಗಿನ ಬೆಚ್ಚಗೆ ಎಂಬುದು ಎಂಜಿನ್ ಚೆಲ್ಲುವ ಶಾಖದ ಪ್ರಸಾದ. ದುಬಾರಿ ಪ್ಲಗ್-ಇನ್‌ಗಳಲ್ಲಿ ಪ್ರತ್ಯೇಕ ವಿದ್ಯುತ್ ಹೀಟರೋ, ಹೊರಗಿನ ಗಾಳಿಯ ಶಾಖವನ್ನು ಒಳಗೆ ಎಳೆದುಕೊಳ್ಳುವ ಹೀಟ್ ಪಂಪೋ ಇರುತ್ತದೆ. ನನ್ನ ಮೆಟ್ಟಿಲಿನವರಿಗೆ ಇಲ್ಲ. ಹಾಗಾಗಿ ಬಿಸಿಗಾಳಿ ಬೇಕೆಂದರೆ 105 ಕುದುರೆಗಳನ್ನು ಎಬ್ಬಿಸಬೇಕು, ಬಚ್ಚಲ ನೀರು ಕಾಯಿಸಲು ಗಿರಣಿ ಓಡಿಸಿದಂತೆ. ಕೈಪಿಡಿಯನ್ನು ಓದದೆ ಬಿಟ್ಟದ್ದು ನನ್ನದೇ ತಪ್ಪು, ಅದರಲ್ಲಿ ಬರೆದಿತ್ತು. ಈಗ ಸೀಟಿನ ಹೀಟರ್ ಹಾಕುತ್ತೇನೆ, ಅದು ಬ್ಯಾಟರಿಯಿಂದಲೇ ಬಹಳ ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ. ಮಡಿಲ ಮೇಲೆ ಕಂಬಳಿ. ಮಂಜು ಒರೆಸಲು ಬಟ್ಟೆ. ತಂತ್ರಜ್ಞಾನ ಇಲ್ಲಿಗೆ ಬಂದು ನಿಂತಿದೆ.

ಚಳಿಗೆ ಬ್ಯಾಟರಿಯೂ ಮುದುಡಿಕೊಳ್ಳುತ್ತದೆ. ಬೇಸಿಗೆಯ 48 ಕಿ.ಮೀ. ಆಗ ಮೂವತ್ತೈದರ ಆಸುಪಾಸಿಗೆ ಇಳಿಯುತ್ತದೆ.

ಅದಕ್ಕಿಂತ ದೊಡ್ಡ ಪೆದ್ದತನ ಒಂದು ಹೇಳಬೇಕು. ಇಬ್ಬನಿ ಬಿದ್ದು ಕನ್ನಡಿ ಮಸುಕಾಗದಿರಲು ದೂರದರ್ಶಕಕ್ಕೆ ಒಂದು ಬಿಸಿ ಪಟ್ಟಿ ಸುತ್ತುತ್ತೇವೆ, 12 ವೋಲ್ಟಿನದು. ಇಷ್ಟು ದೊಡ್ಡ ಬ್ಯಾಟರಿಯ ಕಾರು ಪಕ್ಕದಲ್ಲೇ ಇರುವಾಗ ಬೇರೆ ಬ್ಯಾಟರಿ ಹೊರುವುದೇಕೆ ಎಂದು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಅದನ್ನೂ ಲ್ಯಾಪ್‌ಟಾಪನ್ನೂ ಚುಚ್ಚಿ, ಕಾರನ್ನು ಅರೆ ಎಚ್ಚರದ ಸ್ಥಿತಿಯಲ್ಲಿ ಬಿಟ್ಟು ನಾಲ್ಕು ಗಂಟೆ ಗುರುಗ್ರಹವನ್ನು ನೋಡಿದೆ. ವಾಪಸು ಹೊರಡುವಾಗ ಕಾರು ಕಣ್ಣು ಬಿಡಲಿಲ್ಲ. ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿವೆ ಎಂದು ನಾನೇ ಹತ್ತು ಜನಕ್ಕೆ ವಿವರಿಸಿದ್ದೆ. ಸಾಕೆಟ್ಟು, ದೀಪ, ಗಣಕಗಳೆಲ್ಲ ಬದುಕುವುದು ಚಿಕ್ಕ 12 ವೋಲ್ಟಿನ ಬ್ಯಾಟರಿಯ ಮೇಲೆ. ದೊಡ್ಡದನ್ನು ಚಕ್ರಗಳಿಗೆ ಜೋಡಿಸುವ ವಿದ್ಯುತ್ ಕೊಂಡಿಗಳನ್ನು ಮುಚ್ಚಬೇಕಾದದ್ದೂ ಆ ಚಿಕ್ಕದೇ. ಕಾರು ಪೂರ್ತಿ ಎಚ್ಚರವಿದ್ದರೆ ದೊಡ್ಡದು ಚಿಕ್ಕದಕ್ಕೆ ಉಣ್ಣಿಸುತ್ತಿರುತ್ತದೆ, ಅರೆ ಎಚ್ಚರದಲ್ಲಿ ಇಲ್ಲ. ಕಣಜದ ತುಂಬ ಧಾನ್ಯವಿದ್ದೂ ಬೀಗದ ಕೈ ಕಳೆದುಕೊಂಡು ಹಸಿದು ಕುಳಿತಂತೆ ಕುಳಿತೆ. ಬಯಲಿಗೆ ಬರುವ ಹಿರಿಯರೊಬ್ಬರ ಹಳೆಯ ಡೀಸೆಲ್ ಕಾರಿನಿಂದ ತಂತಿ ಎಳೆದು ಎಬ್ಬಿಸಿಕೊಂಡೆವು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು.

ಚಾರ್ಜಿಂಗ್ ವಿಷಯಕ್ಕೆ ಹೆಚ್ಚು ಹೇಳಲು ಇಲ್ಲ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದು, ಅಷ್ಟು ಕೊಡುವ ಗೋಡೆಪೆಟ್ಟಿಗೆ ಇದ್ದರೆ ಎರಡೂಕಾಲು ಗಂಟೆ, ನನ್ನ ಮನೆಯ ಸಾಧಾರಣ ಸಾಕೆಟ್ಟಿನಲ್ಲಿ ನಾಲ್ಕು ಗಂಟೆ. ವೇಗದ ಚಾರ್ಜಿಂಗಿಗೆ ಅವಕಾಶವೇ ಇಲ್ಲ. ಒಮ್ಮೆ 22 ಕಿಲೋವ್ಯಾಟ್ ಎಂದು ಬರೆದಿದ್ದ ಸಾರ್ವಜನಿಕ ಕಂಬಕ್ಕೆ ಸಿಕ್ಕಿಸಿ ಖುಷಿಪಟ್ಟೆ. ಬಂದದ್ದು ಅದೇ 3.3. ಮಡಕೆಯ ಬಾಯಿ ಚಿಕ್ಕದಿದ್ದರೆ ನಲ್ಲಿ ದಪ್ಪ ಇದ್ದು ಏನಾಗಬೇಕು? ಹಿಂದೆ ಕಾಯುತ್ತಿದ್ದ ಪೂರ್ಣ ವಿದ್ಯುತ್ ಕಾರಿನವರ ನೋಟ ನೆನೆದು, ಆಮೇಲೆ ಅಂಥ ಕಂಬಗಳ ಕಡೆ ಹೋಗಿಲ್ಲ.

ಡಿಕ್ಕಿಯ ಮಾತಿಗೆ ಮರಳುತ್ತೇನೆ, ಏಕೆಂದರೆ ಎಸ್ಟೇಟ್ ಕೊಳ್ಳುವವರು ಕೊಳ್ಳುವುದೇ ಡಿಕ್ಕಿಯನ್ನು. ಇದೇ ಕಾರಿನ ಬರೀ ಪೆಟ್ರೋಲ್ ಅವತಾರದಲ್ಲಿ 625 ಲೀಟರ್ ಜಾಗ; ಪ್ಲಗ್ ಸೇರಿದ ಮೇಲೆ 437. ಪೆಟ್ರೋಲ್ ಟ್ಯಾಂಕು ಕೂಡ 50 ಲೀಟರಿನಿಂದ 37ಕ್ಕೆ ಇಳಿದಿದೆ. ಇದು ಈ ಒಂದು ಕಾರಿನ ಹಣೆಬರಹವಲ್ಲ. ಸ್ಕೋಡಾ ಆಕ್ಟೇವಿಯಾ ಕೋಂಬಿಯ ಐವಿ ಎಂಬ ಪ್ಲಗ್-ಇನ್ ಮಾದರಿಯಲ್ಲಿ 640 ಲೀಟರ್ 490 ಆಯಿತು, ಪೂಜೋ 308 ಎಸ್‌ಡಬ್ಲ್ಯುನಲ್ಲಿ 608 ಇದ್ದದ್ದು 548. ಪೂಜೋದವರು ಕಳೆದುಕೊಂಡದ್ದು ಕಡಿಮೆ, ಅದೂ 12.4 ಯೂನಿಟ್ ಬ್ಯಾಟರಿ ಇಟ್ಟುಕೊಂಡು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ! ನನ್ನ ಕಾರಿನಲ್ಲಿ ಹೋದದ್ದು ಬಹುಪಾಲು ನೆಲದಡಿಯ ಜಾಗವಾದ್ದರಿಂದ ಕೊಳವೆ ಇನ್ನೂ ಹಿಡಿಸುತ್ತದೆ. ಟೇಪು ಹಿಡಿದು ಹೋದದ್ದು ಸಾರ್ಥಕವಾಯಿತು. ಲೀಟರ್ ಲೆಕ್ಕ ನೋಡಿದ್ದರೆ ನಾನು ಈ ಕಾರನ್ನು ಬಿಟ್ಟೇ ಬಿಡುತ್ತಿದ್ದೆ; ಉದ್ದಕ್ಕೂ ಲೀಟರಿಗೂ ಸಂಬಂಧವಿಲ್ಲ.

ಪ್ಲಗ್ ಇರುವ ಎಸ್ಟೇಟ್ ಎಂಬ ಯೋಚನೆ ಮೊದಲು ಬಂದದ್ದು ಮೇಲ್ಮೆಟ್ಟಿಲಿನವರಿಗೆ. ವೋಲ್ವೊದವರು 2011ರ ಜಿನೀವಾ ಪ್ರದರ್ಶನದಲ್ಲಿ ವಿ60 ಪ್ಲಗ್-ಇನ್ ತೋರಿಸಿದರು, ಮುಂದಿನ ವರ್ಷ ಅದು ತಯಾರಾಗತೊಡಗಿತು. ಮುಂಚಕ್ರಗಳಿಗೆ 2.4 ಲೀಟರ್ ಡೀಸೆಲ್ ಎಂಜಿನ್, ಹಿಂಚಕ್ರಗಳಿಗೆ ಪ್ರತ್ಯೇಕ 50 ಕಿಲೋವ್ಯಾಟ್ ಮೋಟಾರು, ನಡುವೆ ದಂಡವಿಲ್ಲದೆಯೇ ನಾಲ್ಕು ಚಕ್ರದ ಎಳೆತ. ಅದು ಸಿರಿವಂತರ ಆಟಿಕೆಯಾಗಿತ್ತು. ಅದೇ ಯೋಚನೆ ಟರ್ಬೊ ಕಳಚಿ, ಒಂದು ಮೋಟಾರಿಗೆ ಇಳಿದು, ನನ್ನಂಥವರ ಕೈಗೆಟಕಲು ಇನ್ನೆಂಟು ವರ್ಷ ಹಿಡಿಯಿತು. ಈ ನಡುವೆ ಮೇಲಿನವರು ಮತ್ತೆ ಮುಂದೆ ಹೋಗಿದ್ದಾರೆ: 2024ರ ಫೋಕ್ಸ್‌ವ್ಯಾಗನ್ ಪಸಾಟ್ ಎಸ್ಟೇಟಿನಲ್ಲಿ ಬಳಕೆಗೆ ಸಿಗುವುದೇ 19.7 ಯೂನಿಟ್, ವೇಗದ ಚಾರ್ಜಿಂಗೂ ಉಂಟು, ಪ್ರಯೋಗಾಲಯದ ಅಳತೆಯಲ್ಲಿ ನೂರು ಕಿ.ಮೀ. ದಾಟುತ್ತದೆ.

ಪ್ರಯೋಗಾಲಯ ಎಂದೆನಲ್ಲ. ನನ್ನ ಕಾರಿನ ಪತ್ರದಲ್ಲಿ ನೂರು ಕಿ.ಮೀ.ಗೆ ಒಂದೂಕಾಲು ಲೀಟರ್ ಆಸುಪಾಸಿನ ಅಂಕಿ ಇದೆ. ಅದು ಸುಳ್ಳಲ್ಲ, ಆದರೆ ಅದು ಅಳೆದದ್ದೂ ಅಲ್ಲ. ತುಂಬಿದ ಬ್ಯಾಟರಿಯಲ್ಲಿ ಒಂದು ಅಳತೆ, ಬರಿದಾದ ಬ್ಯಾಟರಿಯಲ್ಲಿ ಇನ್ನೊಂದು ಅಳತೆ ಮಾಡಿ, ಜನ ಎಷ್ಟು ದೂರವನ್ನು ವಿದ್ಯುತ್ತಿನಲ್ಲಿ ಹೋಗುತ್ತಾರೆ ಎಂಬ ಊಹೆಯಿಂದ ಎರಡನ್ನೂ ಬೆರೆಸುತ್ತಾರೆ. ಆ ಊಹೆ ಜನರ ಬಗ್ಗೆ ತೀರಾ ಉದಾರವಾಗಿತ್ತು. 2021ರಲ್ಲಿ ನೋಂದಣಿಯಾದ ಕಾರುಗಳು ತಾವೇ ದಾಖಲಿಸಿಕೊಂಡ ಬಳಕೆಯನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದಾಗ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯ ಮೇಲೆ ಪತ್ರದಲ್ಲಿದ್ದದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು ಇಂಗಾಲದ ಡೈಆಕ್ಸೈಡ್ ಉಗುಳುತ್ತಿರುವುದು ಕಂಡಿತು. 2025ರಿಂದ ಹೊಸ ಮಾದರಿಗಳಿಗೆ ಊಹೆಯನ್ನು ಬಿಗಿಗೊಳಿಸಿದ್ದಾರೆ.

ನನ್ನ ಲೆಕ್ಕದ ಪುಸ್ತಕ ಹೀಗಿದೆ. ಹದಿನಾಲ್ಕು ತಿಂಗಳು, 11,400 ಕಿ.ಮೀ., 225 ಲೀಟರ್ ಪೆಟ್ರೋಲ್. ನೂರಕ್ಕೆ ಎರಡು ಲೀಟರಿಗೆ ಕೂದಲೆಳೆ ಕಡಿಮೆ. ಪತ್ರದ ಅಂಕಿಯ ಒಂದೂವರೆ ಪಟ್ಟು. ಹೆಮ್ಮೆಪಡಬಹುದಾದದ್ದೇ, ಆದರೆ ಅದರಲ್ಲಿ ನನ್ನ ಚಾಲನೆಯ ಜಾಣ್ಮೆಗಿಂತ ಮನೆಯ ಗೋಡೆಯಲ್ಲಿ ಸಾಕೆಟ್ಟು ಇರುವುದರ ಪಾಲು ದೊಡ್ಡದು. ರಜೆಯ ಒಂದು ವಾರ ಹೆದ್ದಾರಿಯಲ್ಲಿ 1,300 ಕಿ.ಮೀ. ಓಡಿಸಿದಾಗ ನೂರಕ್ಕೆ ಆರು ಲೀಟರಿನ ಹತ್ತಿರ ಬಂದಿತ್ತು. ಬರಿದಾದ ಬ್ಯಾಟರಿ 117 ಕಿಲೋದ ಒಬ್ಬ ಸುಮ್ಮನಿರುವ ಪ್ರಯಾಣಿಕ. ಚಾರ್ಜ್ ಮಾಡಲು ಜಾಗವಿಲ್ಲದ ಗೆಳತಿ ಇದೇ ಕಾರು ಕೊಳ್ಳಲೇ ಎಂದು ಕೇಳಿದಾಗ ಬೇಡವೆಂದೆ. ಅವಳು ಪ್ಲಗ್ ಇಲ್ಲದ ಹೈಬ್ರಿಡ್ ಕೊಂಡಳು, ಡಿಕ್ಕಿಯೂ ನನ್ನದಕ್ಕಿಂತ ದೊಡ್ಡದು. ಈಗ ಒಮ್ಮೊಮ್ಮೆ ಅವಳ ಕಾರಿನಲ್ಲೇ ಹೋಗುತ್ತೇವೆ.

ಇನ್ನೊಂದು ಚಿಕ್ಕ ಸಂಗತಿ, ಯಾವ ಪುಸ್ತಿಕೆಯಲ್ಲೂ ಇಲ್ಲದ್ದು. ಚಾರ್ಜಿಂಗ್ ತಂತಿಯ ಜಾಗ ಡಿಕ್ಕಿಯ ನೆಲದ ಹಲಗೆಯ ಅಡಿಯಲ್ಲಿ. ಹಲಗೆಯ ಮೇಲೆ ದೂರದರ್ಶಕದ ಪೀಠ. ನಸುಕಿನಲ್ಲಿ ಮನೆಗೆ ಬಂದು, ನಿದ್ದೆಗಣ್ಣಿನಲ್ಲಿ, ತಂತಿ ತೆಗೆಯಲು ಎಲ್ಲವನ್ನೂ ಇಳಿಸಬೇಕಾಗುತ್ತಿತ್ತು. ಹಾಗೆ ಚಾರ್ಜ್ ಮಾಡದೆ ಬಿಟ್ಟ ಬೆಳಗುಗಳೂ ಆ 225 ಲೀಟರಿನಲ್ಲಿ ಸೇರಿವೆ. ಕಳೆದ ತಿಂಗಳು ತಂತಿಯನ್ನು ಚೀಲವೊಂದಕ್ಕೆ ಸುತ್ತಿ ಚಾಲಕನ ಸೀಟಿನ ಹಿಂದೆ ಇಟ್ಟೆ. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲೆಂದು ಡಿಕ್ಕಿಯ ದೀಪಕ್ಕೆ ಅಂಟಿಸಿದ್ದ ಕೆಂಪು ಕಾಗದದಲ್ಲಿ ಒಂದು ಚೂರು ಉಳಿದಿತ್ತು, ಅದನ್ನು ಚೀಲದ ಹಿಡಿಗೆ ಸುತ್ತಿದ್ದೇನೆ, ಟಾರ್ಚಿನ ಬೆಳಕಿಗೆ ಬೇಗ ಕಾಣಲಿ ಎಂದು.